ರೇಷ್ಮೆ ಗೂಡಿನಿಂದ ನೂಲಿನ ಲಡಿವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಮನಗರ, ಚನ್ನಪಟ್ಟಣ, ಶಿಡ್ಲಘಟ್ಟ, ದೇವನಹಳ್ಳಿ ಬಳಿಯ ವಿಜಯಪುರ, ಕೊಳ್ಳೇಗಾಲದ ಕಡೆ ರೇಷ್ಮೆ ನೋಡಲು ಬರುವವರು, ಹೊಸದಾಗಿ ಗೂಡು ಬೆಳೆಯುವ ರೈತರು, ಸಣ್ಣ ಬಿಚ್ಚಾಣಿಕೆ (ಗೂಡಿನಿಂದ ನೂಲು ತೆಗೆಯುವ) ಘಟಕ ಹಾಕುವ ಯೋಚನೆಯಲ್ಲಿರುವವರು ಮತ್ತು ಸೀರೆ ಕೊಳ್ಳುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚು ಜಾಗ ಹೋಗಿರುವುದು ಗೂಡು ಮತ್ತು ಬಿಸಿನೀರಿಗೆ. ನೂಲಿನ ಗುಣ ತೀರ್ಮಾನವಾಗುವುದೇ ಅಲ್ಲಿ. ಅಲ್ಲಿ ಕೆಟ್ಟದ್ದನ್ನು ಮಗ್ಗದ ಮೇಲೆ ಸರಿಮಾಡಲು ಬರುವುದಿಲ್ಲ.

ರೇಷ್ಮೆ ಊರುಗಳಲ್ಲಿ ಗಿರಣಿ ಮಾಲೀಕರ ಹಳೆಯ ಬಂಗಲೆಗಳು ನೋಡಲು ಸಿಗುತ್ತವೆಯೇ?

ಹೊರದೇಶದ ರೇಷ್ಮೆ ಪಟ್ಟಣಗಳಲ್ಲಿ ಸಿಗುವ ಥರದವು ಇಲ್ಲಿಲ್ಲ. ಅಮೆರಿಕದ ಪ್ಯಾಟರ್ಸನ್‌ನಲ್ಲಿ ಗಿರಣಿ ಮಾಲೀಕ ಕ್ಯಾಥೋಲಿನಾ ಲ್ಯಾಂಬರ್ಟ್ 1892ರಲ್ಲಿ ಬೆಟ್ಟದ ಮಗ್ಗುಲಿಗೆ ಕೋಟೆಯಂಥ ಮನೆ ಕಟ್ಟಿಸಿದ, ಅದೀಗ ವಸ್ತುಸಂಗ್ರಹಾಲಯ. ನಮ್ಮಲ್ಲಿ ನೂಲು ತೆಗೆಯುವ ಕೆಲಸ ದೊಡ್ಡ ಗಿರಣಿಗಿಂತ ಮನೆಗಳಲ್ಲೇ ಬೆಳೆಯಿತು. ಮಾಲೀಕರ ಮನೆ ಯಾವುದು, ಘಟಕ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಮುಂದೆ ವಾಸ, ಹಿತ್ತಲಿಗೆ ಶೀಟು ಹೊದಿಸಿದ ಕೊಟ್ಟಿಗೆ, ಅದರೊಳಗೆ ಒಲೆ ಅಥವಾ ಸಣ್ಣ ಬಾಯ್ಲರು, ಬಿಸಿನೀರಿನಲ್ಲಿ ಗೂಡಿನ ಎಳೆ ಬಿಚ್ಚುವ ಬೇಸಿನ್ನುಗಳು, ಪಕ್ಕದಲ್ಲಿ ಗೂಡು ಹರಡಲು ಅಟ್ಟಣೆ. ಬೀದಿಗೆ ಕಾಲಿಟ್ಟ ಕೂಡಲೇ ಬೆಂದ ಹುಳುವಿನ ವಾಸನೆ ಬಂದರೆ ಹಿಂದೆ ಎಲ್ಲೋ ನೂಲು ಬಿಚ್ಚುತ್ತಿದ್ದಾರೆ ಎಂದೇ ಅರ್ಥ.

ದೊಡ್ಡ ಪ್ರಮಾಣದ ಗಿರಣಿಯಲ್ಲಿ ಹಣ ಹೂಡಿದ್ದು ಅರಮನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ವಿಟ್ಜರ್ಲೆಂಡಿನಿಂದ ತರಿಸಿದ ವಿದ್ಯುತ್ ಮಗ್ಗಗಳೊಂದಿಗೆ ಶುರುವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ನಿಗಮದ ನೂಲು ಬಿಚ್ಚಾಣಿಕೆ ಘಟಕ ತಿ. ನರಸೀಪುರದಲ್ಲಿದೆ.

ಬೆಂಗಳೂರಿನ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರಿಗೂ ರೇಷ್ಮೆಗೂ ಏನು ಸಂಬಂಧ?

ನೇರ ಸಂಬಂಧ. 1890ರ ದಶಕದ ಕೊನೆಯಲ್ಲಿ ಜಮ್ಷೆಡ್‌ಜಿ ಟಾಟಾ ಮೈಸೂರು ಸರ್ಕಾರದ ನೆರವಿನಿಂದ ಬಸವನಗುಡಿ ಕಡೆ ರೇಷ್ಮೆ ತೋಟ ಮಾಡಿ, ಜಪಾನಿನ ತಜ್ಞರನ್ನು ಕರೆಸಿ ಹುಳು ಸಾಕಣೆ ಮತ್ತು ನೂಲು ತೆಗೆಯುವ ಹೊಸ ಕ್ರಮಗಳನ್ನು ಕಲಿಸುವ ಏರ್ಪಾಟು ಮಾಡಿದರು. ಮುಂದೆ ಅದನ್ನು ಸಾಲ್ವೇಶನ್ ಆರ್ಮಿ ನಡೆಸಿತು. ತೋಟ ಹೋಗಿ ಬಡಾವಣೆ ಬಂತು, ಹೆಸರು ಮಾತ್ರ ಉಳಿಯಿತು. ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಇದಕ್ಕೂ ನೂರು ವರ್ಷ ಮೊದಲು, ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿದಾಗ.

ಮಾರುಕಟ್ಟೆಯಲ್ಲಿ ಹಳದಿ ಗೂಡೂ ಇದೆ, ಬಿಳಿ ಗೂಡೂ ಇದೆ. ಯಾವುದು ಒಳ್ಳೆಯದು?

ಹಳದಿ ಅಥವಾ ಹಸಿರು ಮಿಶ್ರಿತ ಹಳದಿಯದು ಮಿಶ್ರತಳಿ, ಆಡುಮಾತಿನಲ್ಲಿ ಸಿಬಿ. ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2ರಂಥ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ). ಬಿಳಿಯದು ಶುದ್ಧ ದ್ವಿತಳಿ ಸಂಕರಣ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ನೆರವು ಸಂಸ್ಥೆ ಜೈಕಾದ ಸಹಕಾರದಲ್ಲಿ ರೂಪಿಸಿದ ಸಿಎಸ್‌ಆರ್ ತಳಿಗಳಿಂದ ಇದು ಹರಡಿತು.

ಬಿಳಿ ಗೂಡಿನ ಎಳೆ ಉದ್ದ. ಸಾಮಾನ್ಯವಾಗಿ 1,000 ಮೀಟರ್ ದಾಟುತ್ತದೆ. ಸಿಬಿಯಲ್ಲಿ 700ರಿಂದ 900 ಮೀಟರ್. ಬಿಳಿ ಗೂಡಿನ ಎಳೆ ಹೆಚ್ಚು ಸಮವಾಗಿರುತ್ತದೆ, ಬೇಸಿನ್ನಿನಲ್ಲಿ ಕಡಿಮೆ ತುಂಡಾಗುತ್ತದೆ, ಸ್ವಯಂಚಾಲಿತ ಯಂತ್ರಕ್ಕೆ ಹೊಂದುತ್ತದೆ. ಆದರೆ ಸಾಕುವುದು ಸುಲಭವಲ್ಲ. ಬಿಸಿಲುಗಾಲದಲ್ಲಿ, ಸೊಪ್ಪು ಒರಟಾದಾಗ, ಸಾಕಣೆ ಮನೆಯಲ್ಲಿ ಗಾಳಿ ಆಡದಿದ್ದಾಗ ದ್ವಿತಳಿ ಬೆಳೆ ಬೇಗ ಕೈಕೊಡುತ್ತದೆ, ಸಿಬಿ ತಡೆದುಕೊಳ್ಳುತ್ತದೆ. ಸಾಕಣೆ ಮನೆ ತಂಪಾಗಿ, ಸೋಂಕು ನಿವಾರಣೆ ಕಟ್ಟುನಿಟ್ಟಾಗಿ ಇರುವವರಿಗೆ ಮಾತ್ರ ದ್ವಿತಳಿ ಲಾಭ. ಅದಿಲ್ಲದೆ ಬಿಳಿ ಗೂಡಿನ ಬೆಲೆ ಕೇಳಿಕೊಂಡು ಹಾರಬಾರದು.

ಎಷ್ಟು ಗೂಡಿಗೆ ಎಷ್ಟು ನೂಲು? ರೆಂಡಿಟ್ಟಾ ಎಂದರೇನು?

ಒಂದು ಕಿಲೋ ಕಚ್ಚಾ ನೂಲಿಗೆ ಬೇಕಾಗುವ ಹಸಿ ಗೂಡಿನ ಕಿಲೋ ಲೆಕ್ಕವೇ ರೆಂಡಿಟ್ಟಾ. ಸಿಬಿಗೆ 7ರಿಂದ 8, ಒಳ್ಳೆಯ ದ್ವಿತಳಿಗೆ ಸುಮಾರು 6.

ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಕೈಲೆಕ್ಕದಲ್ಲೇ ನೋಡಬಹುದು. ಸಿಬಿ ಗೂಡು ಕಿಲೋಗೆ ಸುಮಾರು 650 ತೂಗುತ್ತವೆ ಎನ್ನೋಣ. ಒಂದು ಗೂಡಿನಿಂದ 800 ಮೀಟರ್ ಎಳೆ ಬಂತು, ಅದರ ಸರಾಸರಿ ದಪ್ಪ 2.5 ಡೆನಿಯರ್. ಡೆನಿಯರ್ ಎಂದರೆ 9,000 ಮೀಟರ್ ಎಳೆಯ ಗ್ರಾಂ ತೂಕ. ಹಾಗಾದರೆ 800 ಮೀಟರಿನ ತೂಕ 0.22 ಗ್ರಾಂ. ಅದನ್ನು 650ರಿಂದ ಗುಣಿಸಿದರೆ 144 ಗ್ರಾಂ. ಒಂದು ಕಿಲೋ ಗೂಡಿಗೆ 144 ಗ್ರಾಂ ನೂಲು, ಅಂದರೆ ರೆಂಡಿಟ್ಟಾ ಹತ್ತಿರ ಹತ್ತಿರ 7. ಉಳಿದ 850 ಗ್ರಾಂ ಎಲ್ಲಿ ಹೋಯಿತು? ಬಹುಪಾಲು ಒಳಗಿನ ಹುಳುವೇ. ಹಸಿ ಗೂಡಿನ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ಪ್ಯೂಪಾ (ಚಿಟ್ಟೆಯಾಗುವ ಮೊದಲಿನ ಹಂತದ ಹುಳು), ಅದರಲ್ಲಿ ಹೆಚ್ಚಿನದು ನೀರು.

ರೆಂಡಿಟ್ಟಾ ಒಂದೇ ಒಂದು ಅಂಕಿ ಏರಿದರೆ ಏನಾಗುತ್ತದೆ ಎಂಬುದು ಹೊಸಬರಿಗೆ ಅರ್ಥವಾಗುವುದು ಘಟಕ ಶುರುಮಾಡಿದ ಮೇಲೆ. ಲೆಕ್ಕಕ್ಕೆಂದು ಗೂಡು ಕಿಲೋಗೆ 500 ರೂಪಾಯಿ ಇಟ್ಟುಕೊಳ್ಳಿ. ರೆಂಡಿಟ್ಟಾ 7 ಇದ್ದರೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 3,500, 8 ಆದರೆ 4,000. ಸೌದೆ, ಕೂಲಿ, ಕರೆಂಟು ಇನ್ನೂ ಸೇರಿಲ್ಲ. ರೀಲರ್, ಅಂದರೆ ಗೂಡು ಕೊಂಡು ನೂಲು ತೆಗೆಯುವವರ ಲಾಭವೆಲ್ಲ ಆ 500 ರೂಪಾಯಿಯೊಳಗೇ ಅಡಗಿರುವುದುಂಟು. ಅದಕ್ಕೇ ಹರಾಜಿನಲ್ಲಿ ಅಷ್ಟು ಹಿಂಜಿ ಹಿಂಜಿ ನೋಡುವುದು.

ಹಾಗಾದರೆ ಗೂಡು ಮುಟ್ಟಿ ನೋಡಿ ಬೆಲೆ ಕಟ್ಟುವುದು ಹೇಗೆ?

ಲಾಟಿನ (ಹರಾಜಿಗಿಟ್ಟ ಗೂಡಿನ ರಾಶಿಯ) ಮೇಲೆ ಕಾಣುವುದನ್ನು ನಂಬದೆ ತಳಕ್ಕೆ ಕೈಹಾಕಿ ಒಂದು ಹಿಡಿ ಎತ್ತುತ್ತಾರೆ. ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ನೋಡುವುದು: ಗಟ್ಟಿಯಾಗಿ ತಿರುಗಿ ಒತ್ತಿದರೆ ಸಿಪ್ಪೆ ದಪ್ಪ, ತಲೆಯ ಕಡೆ ಒಳಕ್ಕೆ ಹೋದರೆ ಜಳ್ಳು. ಆಮೇಲೆ ಕಿವಿಯ ಹತ್ತಿರ ಅಲುಗಿಸುವುದು. ಒಣ ಸದ್ದಿನಲ್ಲಿ ಕಟಕಟ ಎಂದರೆ ಪ್ಯೂಪಾ ಗಟ್ಟಿಯಾಗಿದೆ. ಸದ್ದೇ ಇಲ್ಲದಿದ್ದರೆ ಹುಳು ಒಳಗೇ ಸತ್ತು ಸಿಪ್ಪೆಗೆ ಅಂಟಿರಬಹುದು, ಅಥವಾ ಹುಳು ಇನ್ನೂ ಪ್ಯೂಪಾ ಆಗಿಲ್ಲ. ಅನುಮಾನವಿದ್ದರೆ ಒಂದೆರಡನ್ನು ಕತ್ತರಿಸಿ ನೋಡುತ್ತಾರೆ. ಮೇಲ್ಮೈಯ ಸುಕ್ಕಿನ ಕಾಳು ಸಣ್ಣದಾಗಿ, ಒಂದೇ ಸಮ ಇದ್ದರೆ ಬಿಚ್ಚುವಾಗ ಸಲೀಸು. ಹತ್ತಿಯ ಹಾಗೆ ಮೆತ್ತಗೆ, ಸಡಿಲವಾಗಿ ಇದ್ದರೆ ಎಳೆ ಗೊಂಚಲು ಗೊಂಚಲಾಗಿ ಏಳುತ್ತದೆ.

ರೈತರು ರೀಲರ್ ಮನೆಗೇ ಗೂಡು ಕೊಡಬಹುದೇ?

ಕೊಡುವಂತಿಲ್ಲ. ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲಿನ ವ್ಯವಹಾರವನ್ನು ನಿಯಂತ್ರಿಸುವ 1959ರ ರಾಜ್ಯ ಕಾಯ್ದೆಯ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗಬೇಕು, ಕೊಳ್ಳುವವರಿಗೆ ಪರವಾನಗಿ ಇರಬೇಕು. ರಾಮನಗರದಂಥ ಮಾರುಕಟ್ಟೆಯಲ್ಲಿ ಲಾಟಿಗೆ ನಂಬರು ಬೀಳುತ್ತದೆ, ರೀಲರುಗಳು ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತರು ಬೇಡ ಎನ್ನಬಹುದು. ಒಪ್ಪಿದ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ, ಹಣ ಬ್ಯಾಂಕ್ ಖಾತೆಗೆ. ಹೊರಗೆ ಕೈಯಿಂದ ಕೈಗೆ ಮಾರಿದರೆ ತೂಕಕ್ಕೂ ಹಣಕ್ಕೂ ಕೇಳುವವರಿಲ್ಲ.

ಗೂಡು ಯಾವ ದಿನ ಬಿಡಿಸಬೇಕು?

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರ ತಟ್ಟಿಗೆ) ಬಿಟ್ಟ ಮೇಲೆ ಸಿಬಿಗೆ 5ನೇ ದಿನ, ದ್ವಿತಳಿಗೆ 6 ಅಥವಾ 7ನೇ ದಿನ. ಹುಳು ಎಳೆ ಸುತ್ತುವುದನ್ನು ಎರಡು ಮೂರು ದಿನದಲ್ಲಿ ಮುಗಿಸುತ್ತದೆ, ಪೊರೆ ಕಳಚಿ ಪ್ಯೂಪಾ ಆಗಿ ಚರ್ಮ ಕಂದು ಬಣ್ಣಕ್ಕೆ ತಿರುಗಲು ಇನ್ನೆರಡು ದಿನ. ಅದಕ್ಕೆ ಮೊದಲೇ ಬಿಡಿಸಿದರೆ ಸಾಗಿಸುವಾಗ ಬಲಿಯದ ಪ್ಯೂಪಾ ಒಡೆದು, ಸೋರಿದ ರಸ ಒಳಗಿನಿಂದ ಸಿಪ್ಪೆಯನ್ನು ಕಲೆ ಮಾಡುತ್ತದೆ. ತಡಮಾಡಿದರೂ ಕಷ್ಟ. ಹುಳು ಗೂಡು ಕಟ್ಟಿ 10ರಿಂದ 12 ದಿನಕ್ಕೆ ಚಿಟ್ಟೆ ಹೊರಬರುತ್ತದೆ, ರೀಲರ್ ಕೈಯಲ್ಲಿ ಉಳಿಯುವ ದಿನ ಕಡಿಮೆಯಾದಷ್ಟೂ ಬೆಲೆ ಬೀಳುತ್ತದೆ.

ಬಿಡಿಸುವ ಮೊದಲು ಸತ್ತ ಹುಳು, ಕರಗಿದ ಹುಳುಗಳನ್ನು ಆರಿಸಿ ತೆಗೆಯಿರಿ. ಒಂದು ಕೊಳೆತದ್ದು ಸುತ್ತಲಿನ ಹತ್ತು ಗೂಡಿಗೆ ಕಲೆ ಹಚ್ಚುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಲೇಬೇಡಿ. ಒಳಗಿರುವುದು ಉಸಿರಾಡುವ ಜೀವ. ಮೂರು ನಾಲ್ಕು ಗಂಟೆಯಲ್ಲಿ ಚೀಲದೊಳಗೆ ಬೆವರು ಹರಿಯುತ್ತದೆ, ಗೂಡು ಮೆತ್ತಗಾಗುತ್ತದೆ. ಗಾಳಿ ಆಡುವ ಚೀಲದಲ್ಲಿ ಸಡಿಲವಾಗಿ ತುಂಬಿ ರಾತ್ರಿ ಅಥವಾ ಬೆಳಗಿನ ತಂಪಿನಲ್ಲಿ ಸಾಗಿಸಿ.

ಗೂಡು ನೋಡಲು ಚೆನ್ನಾಗಿತ್ತು, ಬೇಸಿನ್ನಿನಲ್ಲಿ ಎಳೆ ಮೇಲಿಂದ ಮೇಲೆ ಹರಿಯುತ್ತಿದೆ. ತಪ್ಪು ಎಲ್ಲಿ?

ಇದೇ ಎಲ್ಲಕ್ಕಿಂತ ಹೆಚ್ಚು ಜಗಳ ತರುವ ಪ್ರಶ್ನೆ. ರೈತರು ರೀಲರಿನ ಬೇಯಿಸುವ ಕೆಲಸದ ಮೇಲೆ ಹಾಕುತ್ತಾರೆ, ರೀಲರು ತಳಿಯ ಮೇಲೆ ಹಾಕುತ್ತಾರೆ. ಹೆಚ್ಚಿನ ಸಲ ಕಾರಣ ಚಂದ್ರಿಕೆಯ ಮೇಲಿನ ಆ ಎರಡು ಮೂರು ದಿನ.

ಹುಳು ಉಗುಳುವ ಎಳೆ ಎರಡು ಫೈಬ್ರೋಯಿನ್ (ರೇಷ್ಮೆಯ ಮೂಲ ಪ್ರೋಟೀನ್) ಎಳೆಗಳು, ಅವುಗಳ ಸುತ್ತ ಸೆರಿಸಿನ್ ಎಂಬ ಅಂಟು. ಈ ಅಂಟು ಗಾಳಿಯಲ್ಲಿ ಬೇಗ ಒಣಗಿದರೆ ಸುತ್ತು ಸುತ್ತಿನ ಮೇಲೆ ಹಗುರವಾಗಿ ಕೂರುತ್ತದೆ. ಗಾಳಿ ತೇವವಾಗಿದ್ದರೆ ಅಂಟು ನಿಧಾನ ಒಣಗಿ, ಒಂದು ಸುತ್ತು ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಅಂಥ ಗೂಡನ್ನು ಎಷ್ಟು ಜಾಣತನದಿಂದ ಬೇಯಿಸಿದರೂ ಎಳೆ ಬಿಡುವುದಿಲ್ಲ. ಹೆಚ್ಚು ಬೇಯಿಸಿದರೆ ಹೊರಪದರ ಗಂಜಿಯಾಗುತ್ತದೆ, ಒಳಪದರ ಹಾಗೇ ಬಿಗಿ.

ಗೂಡು ಕಟ್ಟುವ ಕೋಣೆಗೆ ಬೇಕಾದದ್ದು 24ರಿಂದ 25 ಡಿಗ್ರಿ ಸೆಲ್ಸಿಯಸ್, 60ರಿಂದ 65 ಶೇಕಡಾ ತೇವ, ಆಚೀಚೆ ಕಿಟಕಿ ತೆರೆದ ಗಾಳಿ. ಸಾಕಣೆ ಹಂತಕ್ಕೆ ಬೇಕಾಗುವ ತೇವಕ್ಕಿಂತ ಇದು ಕಡಿಮೆ. ಅದೇ ಮನೆಯಲ್ಲಿ, ಅದೇ ಒದ್ದೆ ಗೋಣಿ ಪರದೆ ಇಟ್ಟುಕೊಂಡೇ ಚಂದ್ರಿಕೆ ಹಾಕುವುದು ಸಾಮಾನ್ಯ ತಪ್ಪು. ಗೂಡು ಕಟ್ಟಲು ಶುರುಮಾಡುವ ಮೊದಲು ಹುಳು ಹೊಟ್ಟೆ ಖಾಲಿ ಮಾಡಿ ಉಚ್ಚೆ ಬಿಡುತ್ತದೆ. ಸಾವಿರ ಹುಳುವಿನ ಉಚ್ಚೆ ಒಂದೇ ಕಡೆ ಬಿದ್ದರೆ ಕೋಣೆಯ ತೇವ ಎಲ್ಲಿಗೆ ಏರುತ್ತದೆ, ಯೋಚಿಸಿ. ಕೆಳಗೆ ಹಳೆ ಪೇಪರು ಹಾಸಿ ಮಾರನೆಯ ದಿನ ತೆಗೆದುಬಿಡಿ.

ಹುಳು ಒತ್ತೊತ್ತಾಗಿ ಬಿಡುವುದು ಇನ್ನೊಂದು ತಪ್ಪು. ಚದರ ಅಡಿಗೆ 40ರಿಂದ 45, ಅಂದರೆ 6 ಅಡಿ ಉದ್ದ 4 ಅಡಿ ಅಗಲದ ಬಿದಿರು ಚಂದ್ರಿಕೆಗೆ ಸುಮಾರು ಒಂದು ಸಾವಿರ. ಬೇಗ ಮುಗಿಯಲೆಂದು ಒಂದೂವರೆ ಸಾವಿರ ಸುರಿದರೆ ಜೋಡಿ ಗೂಡು ಹೆಚ್ಚುತ್ತದೆ. ಮೊದಲ ಎರಡು ದಿನ ಚಂದ್ರಿಕೆ ಎತ್ತಿ ಇಳಿಸುವುದೂ ಬೇಡ. ಅಲುಗಾಡಿದಾಗ ಹುಳು ಸುತ್ತುವುದನ್ನು ನಿಲ್ಲಿಸುತ್ತದೆ, ಅಲ್ಲೇ ಎಳೆ ತುಂಡಾಗುತ್ತದೆ, ಆ ತುಂಡು ರೀಲರಿಗೆ ಮುಂದೆ ಸಿಗುತ್ತದೆ.

ಜೋಡಿ ಗೂಡು, ಊಜಿ ಗೂಡು ಮುಂತಾದವುಗಳನ್ನು ಏನು ಮಾಡುತ್ತಾರೆ?

ಜೋಡಿ ಗೂಡಿನಲ್ಲಿ ಎರಡು ಹುಳುವಿನ ಎಳೆ ಸಿಕ್ಕುಬಿದ್ದಿರುತ್ತದೆ. ಒಂದೇ ಸಮ ಬಿಚ್ಚುವುದಿಲ್ಲ, ಗಂಟು ಗಂಟಾದ ದಪ್ಪ ನೂಲು ಬರುತ್ತದೆ. ಡುಪಿಯನ್ ಬಟ್ಟೆಯ ಒರಟು ಚೆಲುವು ಆ ಗಂಟುಗಳದ್ದೇ, ಹಾಗಾಗಿ ಇದಕ್ಕೆ ಬೇರೆ ಗಿರಾಕಿ ಇದ್ದಾರೆ. ಊಜಿ ನೊಣ 1980ರ ಹೊತ್ತಿಗೆ ಕರ್ನಾಟಕಕ್ಕೆ ಬಂದ ಪಿಡುಗು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವನ್ನು ತಿಂದು ಗೂಡಿನಲ್ಲಿ ಸಣ್ಣ ದುಂಡು ತೂತು ಮಾಡಿ ಹೊರಬರುತ್ತದೆ. ತೂತಿನ ಜಾಗದಲ್ಲಿ ಪ್ರತಿ ಸುತ್ತಿಗೂ ಎಳೆ ಕಡಿದಿರುವುದರಿಂದ ಬಿಚ್ಚಲು ಬರುವುದಿಲ್ಲ, ಅದು ನೇರ ಸ್ಪನ್ ನೂಲಿನ (ಹತ್ತಿಯಂತೆ ಹಿಂಜಿ ನೂಲುವ) ದಾರಿ ಹಿಡಿಯುತ್ತದೆ. ಕಿಟಕಿ ಬಾಗಿಲಿಗೆ ನೈಲಾನ್ ಬಲೆ ಹಾಕುವುದೇ ಇದಕ್ಕೆ ಅಗ್ಗದ ಉಪಾಯ.

ಹುಳುವನ್ನು ಕೊಲ್ಲದೆ ನೂಲು ತೆಗೆಯಲು ಆಗುವುದಿಲ್ಲವೇ?

ಚಿಟ್ಟೆ ಹೊರಬಂದ ಗೂಡಿನಿಂದಲೂ ರೇಷ್ಮೆ ಮಾಡುತ್ತಾರೆ, ಅಹಿಂಸಾ ರೇಷ್ಮೆ ಎಂದು ಮಾರುವುದು ಅದನ್ನೇ. ಆದರೆ ಚಿಟ್ಟೆ ತೂತು ಮಾಡಿದ ಗೂಡಿನಲ್ಲಿ ಒಂದೇ ಉದ್ದನೆಯ ಎಳೆ ಉಳಿದಿರುವುದಿಲ್ಲ, ಹತ್ತಿಯಂತೆ ಹಿಂಜಿ ನೂಲಬೇಕು. ಬಟ್ಟೆಗೆ ಹೊಳಪು ಕಡಿಮೆ, ಮೈ ಸ್ವಲ್ಪ ತುಪ್ಪಳದಂತೆ. ಉದ್ದ ಎಳೆಯ ಹೊಳಪು ಬೇಕೆಂದರೆ ಚಿಟ್ಟೆ ಆಗುವ ಮೊದಲೇ ಪ್ಯೂಪಾ ಸಾಯಬೇಕು. ಇದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ.

ಕೊಲ್ಲುವ ಕ್ರಮ ಮೂರು. ಬಿಸಿಲಿಗೆ ಹರಡುವುದು ಖರ್ಚಿಲ್ಲದ್ದು, ಆದರೆ ಬಿಸಿಲು ಅಂಟನ್ನು ಗಟ್ಟಿ ಮಾಡಿ ಎಳೆಯ ಬಲ ತೆಗೆಯುತ್ತದೆ. ಹಬೆಯಲ್ಲಿ 20ರಿಂದ 25 ನಿಮಿಷ ಇಡುವುದು ಸಣ್ಣ ಘಟಕಗಳ ರೂಢಿ. ಹುಳು ಸಾಯುತ್ತದೆ, ಒಣಗುವುದಿಲ್ಲ. ಒದ್ದೆ ಗೂಡನ್ನು ಕೂಡಲೇ ತೆಳ್ಳಗೆ ಹರಡಿ ನೆರಳಲ್ಲಿ ಆರಿಸಿ, ಬೇಗ ಬಿಚ್ಚಿ ಮುಗಿಸಬೇಕು. ಗುಡ್ಡೆ ಹಾಕಿದರೆ ಬೂಷ್ಟು ಖಂಡಿತ. ಬಿಸಿಗಾಳಿ ಡ್ರೈಯರ್ ಎಲ್ಲಕ್ಕಿಂತ ಒಳ್ಳೆಯದು: 110ರಿಂದ 115 ಡಿಗ್ರಿಯಲ್ಲಿ ಶುರುಮಾಡಿ, ನಿಧಾನವಾಗಿ ಇಳಿಸುತ್ತ 55ರಿಂದ 60 ಡಿಗ್ರಿಗೆ ತಂದು ಮುಗಿಸುತ್ತಾರೆ, ಒಟ್ಟು 5ರಿಂದ 6 ಗಂಟೆ. 100 ಕಿಲೋ ಹಸಿ ಗೂಡು 40 ಕಿಲೋ ಆಸುಪಾಸಿಗೆ ಇಳಿದಾಗ ಒಣಗಿದೆ ಎಂದರ್ಥ. ಪ್ಯೂಪಾ ಹೊರತೆಗೆದು ಬೆರಳಲ್ಲಿ ಉಜ್ಜಿ ನೋಡಿ. ಪುಡಿಯಾಗಬೇಕು, ಜಿಡ್ಡು ಅಂಟಬಾರದು. ಕೊನೆಯವರೆಗೂ ಅದೇ ಹೆಚ್ಚು ಉರಿ ಇಟ್ಟರೆ ಸೆರಿಸಿನ್ ಸುಟ್ಟು ಗೂಡು ಬೇಯುವುದೇ ಇಲ್ಲ.

ಬೇಯಿಸುವುದು ಎಷ್ಟು ಹೊತ್ತು?

ತೆರೆದ ಪಾತ್ರೆಯಾದರೆ 92ರಿಂದ 95 ಡಿಗ್ರಿ ನೀರಿನಲ್ಲಿ ಒಂದೂವರೆಯಿಂದ ಎರಡು ನಿಮಿಷ. ಗೂಡನ್ನು ನೀರಿನೊಳಗೆ ಒತ್ತಿಹಿಡಿದು ತಿರುಗಿಸುತ್ತಿರಬೇಕು, ಮೇಲೆ ತೇಲಿದರೆ ಒಂದು ಕಡೆ ಮಾತ್ರ ಬೇಯುತ್ತದೆ. ಮೂರು ಪಾತ್ರೆ ಪದ್ಧತಿಯಲ್ಲಿ ಮೊದಲು ಉಗುರು ಬಿಸಿಗಿಂತ ಹೆಚ್ಚು ಬಿಸಿಯ ನೀರು, ಆಮೇಲೆ ಕುದಿಯುವುದಕ್ಕೆ ತುಸು ಕಡಿಮೆ, ಕೊನೆಗೆ ಮತ್ತೆ ಕಡಿಮೆ ಬಿಸಿ. ಬಿಸಿಯಲ್ಲಿ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ತಣ್ಣನೆಯ ಕಡೆ ಬಂದಾಗ ಆ ಜಾಗಕ್ಕೆ ನೀರು ನುಗ್ಗುತ್ತದೆ. ಹೀಗೆ ಸಿಪ್ಪೆ ಒಳಗಿನಿಂದಲೂ ನೆನೆಯುತ್ತದೆ.

ಹದ ತಿಳಿಯುವುದು ಹೀಗೆ. ಬೇಯದ ಗೂಡು ಬೇಸಿನ್ನಿನಲ್ಲಿ ಕುಣಿಯುತ್ತದೆ, ಎಳೆ ಎಳೆದಾಗ ಗೂಡೇ ಮೇಲಕ್ಕೆ ಬರುತ್ತದೆ, ಪಟ್ಟನೆ ಹರಿಯುತ್ತದೆ. ಹೆಚ್ಚು ಬೆಂದದ್ದು ಮೆತ್ತಗೆ ಕುಗ್ಗಿ, ಒಂದು ಎಳೆಯ ಬದಲು ಪದರವೇ ಕಿತ್ತು ಬಂದು ನೂಲು ಹಾಯುವ ಪಿಂಗಾಣಿ ಗುಂಡಿಯ ತೂತಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೂಲು ನಿಂತೇ ಬಿಡುತ್ತದೆ. ತುದಿ ಹುಡುಕಲು ಒಣಹುಲ್ಲಿನ ಅಥವಾ ಪೊರಕೆಯಂಥ ಬ್ರಷ್ಷಿನಿಂದ ಮೇಲೆ ಮೇಲೆ ಸವರುವಾಗಲೇ ಅನುಭವಸ್ಥರಿಗೆ ಗೊತ್ತಾಗುತ್ತದೆ. ಸವರಿದ್ದು ಹೆಚ್ಚಾದರೆ ಒಳ್ಳೆಯ ಎಳೆಯೂ ತ್ಯಾಜ್ಯಕ್ಕೆ ಸೇರುತ್ತದೆ, ರೆಂಡಿಟ್ಟಾ ಏರುವುದು ಇಲ್ಲಿಂದಲೇ.

ಚರಕ, ಕಾಟೇಜ್ ಬೇಸಿನ್, ಮಲ್ಟಿ-ಎಂಡ್, ಎಆರ್‌ಎಂ: ಯಾವುದು ಹಾಕಬೇಕು?

ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಕುದಿಯುವ ಪಾತ್ರೆಯಲ್ಲಿ. ಎಷ್ಟು ಗೂಡು ಸೇರುತ್ತಿದೆ ಎಂಬ ಲೆಕ್ಕ ಸಿಗುವುದಿಲ್ಲ, ನೂಲು ದಪ್ಪ ತೆಳು. ಕಡಿಮೆ ದರ್ಜೆಯ ಗೂಡನ್ನೂ ನುಂಗುತ್ತದೆ ಎಂಬುದೊಂದೇ ಅದರ ಅನುಕೂಲ. ಕಾಟೇಜ್ ಬೇಸಿನ್ನಿನಲ್ಲಿ ಬೇಯಿಸುವುದು ಬೇರೆ, ಬಿಚ್ಚುವ ನೀರು 40ರಿಂದ 45 ಡಿಗ್ರಿ, ಬೇಸಿನ್ನಿಗೆ 6 ಎಳೆ (ಒಮ್ಮೆಗೆ ಸುತ್ತಿಕೊಳ್ಳುವ ನೂಲುಗಳು). ನೂಲು ತನ್ನ ಸುತ್ತಲೇ ತಿರುಚಿಕೊಂಡು ಹೋಗುವ ಏರ್ಪಾಟು ಇರುವುದರಿಂದ ನೀರು ಹಿಂಡಿ, ಎಳೆಗಳು ಒಂದಕ್ಕೊಂದು ಅಂಟಿ ನೂಲು ದುಂಡಗಾಗುತ್ತದೆ. ಮಲ್ಟಿ-ಎಂಡ್ ಇದರ ಮುಂದಿನದು, ಬೇಸಿನ್ನಿಗೆ 10 ಎಳೆ, ನಿಧಾನ ವೇಗ, ಹೆಚ್ಚು ಸಮ. ಸ್ವಯಂಚಾಲಿತ ಯಂತ್ರ, ಅಂದರೆ ಎಆರ್‌ಎಂ, 200 ಅಥವಾ 400 ಎಳೆಯದು. ಎರಡು ಗಾಜಿನ ಬಿಲ್ಲೆಗಳ ಸಂದಿಯಲ್ಲಿ ನೂಲು ಹಾಯುತ್ತದೆ. ನೂಲು ತೆಳುವಾದರೆ ಬಿಲ್ಲೆಯ ಮೇಲಿನ ಎಳೆತ ಕಡಿಮೆಯಾಗಿ ಯಂತ್ರ ತಾನೇ ಹೊಸ ಗೂಡಿನ ಎಳೆ ಸೇರಿಸುತ್ತದೆ.

ಯಂತ್ರ ಎಷ್ಟು ದೊಡ್ಡದೋ ಗೂಡಿನ ಮೇಲೆ ಅದರ ಹಟ ಅಷ್ಟು. ಎಆರ್‌ಎಂಗೆ ಡ್ರೈಯರಿನಲ್ಲಿ ಒಣಗಿದ, ಒಂದೇ ಗಾತ್ರದ ದ್ವಿತಳಿ ಗೂಡು ವರ್ಷವಿಡೀ ಬೇಕು. ಆ ಪೂರೈಕೆ ಗಟ್ಟಿಯಿಲ್ಲದೆ ಸಹಾಯಧನ ನೋಡಿ ಯಂತ್ರ ಕೊಳ್ಳುವುದು ಬೇಡ. ಸಿಬಿ ಹೆಚ್ಚು ಸಿಗುವ ಕಡೆ ಮಲ್ಟಿ-ಎಂಡೇ ಸರಿ.

20/22 ಡೆನಿಯರ್ ಎಂದರೆ ಎಷ್ಟು ಗೂಡು?

20ರಿಂದ 22 ಡೆನಿಯರ್ ದಪ್ಪದ ಒಂದು ನೂಲಿಗೆ ಒಟ್ಟಿಗೆ ಸುಮಾರು 8 ಗೂಡಿನ ಎಳೆ. ಆದರೆ ಎಂಟು ಎಂದು ಎಣಿಸಿಕೊಂಡು ಕೂತರೆ ನೂಲು ಸಮ ಬರುವುದಿಲ್ಲ, ಏಕೆಂದರೆ ಗೂಡಿನ ಎಳೆ ಹೊರಗೆ ದಪ್ಪ, ಒಳಕ್ಕೆ ಹೋದಂತೆ ತೆಳು. ಹೊರಸುತ್ತು 3 ಡೆನಿಯರ್ ಹತ್ತಿರ ಇದ್ದರೆ ಕೊನೆಯ ಸುತ್ತು 2ಕ್ಕಿಂತ ಕಡಿಮೆ. ಎಂಟೂ ಹೊಸವಾದರೆ 24, ಎಂಟೂ ಮುಗಿಯುತ್ತ ಬಂದವಾದರೆ 15. ಕುಶಲ ಕೈ ಹೊಸದು, ಅರ್ಧ ಮುಗಿದದ್ದು, ಒಳಗಿನ ಪ್ಯೂಪಾ ಕಾಣುವಷ್ಟು ತೆಳುವಾದದ್ದು ಎಲ್ಲವನ್ನೂ ಬೆರೆಸಿ ಓಡಿಸುತ್ತದೆ. ಒಂದು ಬಿದ್ದ ತಕ್ಷಣ ಇನ್ನೊಂದರ ತುದಿಯನ್ನು ಚಿಮ್ಮಿಸಿ ಓಡುವ ನೂಲಿಗೆ ಅಂಟಿಸಬೇಕು. ಹತ್ತು ನೂಲು ನೋಡಿಕೊಳ್ಳುವ ಹೆಣ್ಣುಮಗಳು ಒಂದು ನಿಮಿಷ ತಲೆ ಎತ್ತಿದರೂ ನೂಲಿನಲ್ಲಿ ಅದು ದಾಖಲಾಗುತ್ತದೆ. ಮಗ್ಗದ ಮೇಲೆ ಬಟ್ಟೆಯ ಅಡ್ಡಗೆರೆಯಾಗಿ ಕಾಣುವುದು ಅದೇ.

ನೀರು ಯಾವುದಾದರೂ ಆಗುತ್ತದೆಯೇ?

ಗಡಸು ಬೋರ್‌ವೆಲ್ ನೀರಿನಲ್ಲಿ ಸೆರಿಸಿನ್ ಸರಿಯಾಗಿ ಮೆದುವಾಗುವುದಿಲ್ಲ, ನೂಲು ಒರಟು, ಬಣ್ಣ ಮಂಕು. ಮಳೆನೀರು ಸಂಗ್ರಹಿಸಿಕೊಂಡರೆ ಅಥವಾ ಮೆದುಗೊಳಿಸುವ ಸಣ್ಣ ಘಟಕ ಹಾಕಿಕೊಂಡರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೀರು ಉಳಿಸಲೆಂದು ಒಂದೇ ಬೇಸಿನ್ ನೀರನ್ನು ದಿನವಿಡೀ ಓಡಿಸಬೇಡಿ. ಪ್ಯೂಪಾದ ಎಣ್ಣೆ, ಅಂಟು ಸೇರಿ ನೀರು ಕಂದು ಬಣ್ಣಕ್ಕೆ ತಿರುಗಿದರೆ ನೂಲೂ ಅದೇ ಬಣ್ಣ ಹೀರುತ್ತದೆ. ಹೊರಬಿಡುವ ನೀರು ಕೊಳೆಯುವ ಸರಕು, ಚರಂಡಿಗೆ ಹಾಗೇ ಬಿಟ್ಟರೆ ನೊರೆ ಮತ್ತು ನಾತ, ಅಕ್ಕಪಕ್ಕದವರ ದೂರು.

ಲಡಿ ಬಿಚ್ಚುವಾಗ ನೂಲು ಅಂಟಿಕೊಂಡು ಹರಿಯುತ್ತದೆ, ಏಕೆ?

ಒದ್ದೆ ನೂಲನ್ನು ಹಾಗೇ ಸುತ್ತಿ ಒಣಗಿಸಿದ್ದಕ್ಕೆ. ಸಣ್ಣ ರೀಲಿನ ನೂಲನ್ನು ನೆನೆಸಿ, 1.5 ಮೀಟರ್ ಸುತ್ತಳತೆಯ ದೊಡ್ಡ ರೀಲಿಗೆ ಅಡ್ಡಾದಿಡ್ಡಿ ಹೆಣಿಗೆಯಲ್ಲಿ ಮರುಸುತ್ತಬೇಕು. ರೀಲಿನ ಕಡ್ಡಿ ತಾಗುವ ಜಾಗದಲ್ಲಿ ಅಂಟು ಕಟ್ಟಿಕೊಂಡರೆ ಅಲ್ಲಿ ಕೈಯಿಂದ ಉಜ್ಜಿ ಸಡಿಲಿಸುತ್ತಾರೆ. ಚರಕದ ನೂಲಿನಲ್ಲಿ ಈ ತೊಂದರೆ ಹೆಚ್ಚು. ಹುರಿ ಮಾಡುವವರು ಅಂಥ ಲಡಿ ನೋಡಿದ ಕೂಡಲೇ ಬೆಲೆ ಇಳಿಸುತ್ತಾರೆ.

ಉಳಿದ ತ್ಯಾಜ್ಯ ಮತ್ತು ಹುಳು?

ಎಸೆಯುವುದು ಏನೂ ಇಲ್ಲ. ಸವರುವಾಗ ಬಂದ ಎಳೆ, ಒಳಪದರ, ತೂತುಬಿದ್ದ ಗೂಡು ಸ್ಪನ್ ಸಿಲ್ಕ್‌ಗೆ ಹೋಗುತ್ತದೆ. ಪ್ಯೂಪಾದಿಂದ ಎಣ್ಣೆ ತೆಗೆಯುತ್ತಾರೆ, ಹಿಂಡಿ ಕೋಳಿ ಮತ್ತು ಮೀನಿನ ಆಹಾರಕ್ಕೆ. ತ್ಯಾಜ್ಯ ಮಾರಿದ ಹಣ ಹಲವು ಘಟಕಗಳಲ್ಲಿ ಸೌದೆ ಖರ್ಚಿಗೆ ಆಸರೆ, ಹಾಗಾಗಿ ಒದ್ದೆಯಾಗಿ ಗುಡ್ಡೆ ಹಾಕದೆ ಒಣಗಿಸಿ ಬೇರೆ ಬೇರೆ ಇಡಿ.

ಘಟಕದಲ್ಲಿ ಕೆಲಸ ಮಾಡುವವರ ಕೈ ಹಾಗೇಕೆ ಆಗಿರುತ್ತದೆ?

ಗಂಟೆಗಟ್ಟಲೆ ಬಿಸಿನೀರು, ಸೆರಿಸಿನ್, ಪ್ಯೂಪಾದ ರಸ. ಬೆರಳ ತುದಿಯ ಚರ್ಮ ಬಿಳಿಚಿ ಸುಲಿಯುತ್ತದೆ, ಸಂದಿಯಲ್ಲಿ ಹುಣ್ಣಾಗುತ್ತದೆ. ಕೈಗವಸು ಹಾಕಿದರೆ ಎಳೆ ಸಿಗುವುದಿಲ್ಲ ಎಂಬ ಮಾತು ನಿಜವೇ, ಆದರೂ ಬೇಯಿಸುವ ಮತ್ತು ಸವರುವ ಜಾಗದಲ್ಲಿ ಹಾಕಿಕೊಳ್ಳಬಹುದು. ಬೇಸಿನ್ನಿನ ನೀರು 45 ಡಿಗ್ರಿ ಮೀರದಂತೆ ನೋಡುವುದು, ಹಬೆ ಹೊರಹೋಗಲು ಸೂರಿನ ಕೆಳಗೆ ಕಿಂಡಿ ಬಿಡುವುದು, ಕೆಲಸ ಮುಗಿದ ಮೇಲೆ ತೊಳೆದು ಕೊಬ್ಬರಿ ಎಣ್ಣೆ ಹಚ್ಚುವುದು ಕನಿಷ್ಠ.

ಒಂದು ರೇಷ್ಮೆ ಸೀರೆಗೆ ಎಷ್ಟು ಗೂಡು?

ಜರಿ ಬಿಟ್ಟು 500 ಗ್ರಾಂ ರೇಷ್ಮೆ ಇರುವ ಸೀರೆ ಎನ್ನಿ. ಸೋಪು ಸೋಡಾ ಹಾಕಿ ಕುದಿಸಿ ಅಂಟು ತೆಗೆದಾಗ ಕಚ್ಚಾ ನೂಲಿನ ಕಾಲು ಭಾಗ ತೂಕ ಹೋಗುತ್ತದೆ, ಹಾಗಾಗಿ ಮೊದಲು 670 ಗ್ರಾಂ ಬೇಕು. ರೆಂಡಿಟ್ಟಾ 7 ಹಿಡಿದರೆ 4.7 ಕಿಲೋ ಗೂಡು, ಎಣಿಸಿದರೆ ಮೂರು ಸಾವಿರ.

ಮೈಸೂರು ಸಿಲ್ಕ್ ಸೀರೆ ಕಾಂಚೀಪುರಂ ಹಾಗೆ ನೆಟ್ಟಗೆ ನಿಲ್ಲುವುದಿಲ್ಲ, ಇಳಿಬೀಳುತ್ತದೆ. ನೂಲು ಬೇರೆಯೇ?

ನೂಲಿಗಿಂತ ಹುರಿ ಬೇರೆ. ಮೈಸೂರು ಸಿಲ್ಕ್‌ನಂಥ ಕ್ರೇಪ್ ಸೀರೆಯಲ್ಲಿ ಹೊಕ್ಕಿನ (ಅಡ್ಡದ) ನೂಲಿಗೆ ತುಂಬ ಬಿಗಿ ಹುರಿ ಹಾಕುತ್ತಾರೆ, ಎಡಕ್ಕೆ ತಿರುಚಿದ್ದು ಎರಡು ಎಳೆ, ಬಲಕ್ಕೆ ತಿರುಚಿದ್ದು ಎರಡು ಎಳೆ, ಹೀಗೆ ಸರದಿಯಲ್ಲಿ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಬಿರುಸಾಗಿ, ಚಪ್ಪಟೆಯಾಗಿ ಇರುತ್ತದೆ. ಕುದಿಸಿ ಅಂಟು ತೆಗೆದ ಮೇಲೆ ಹಿಡಿತ ತಪ್ಪಿದ ಹುರಿಗಳು ಎದುರು ಬದುರು ಸೆಳೆದು ಮೈಯೆಲ್ಲ ಸಣ್ಣ ಸುಕ್ಕು, ಮೆತ್ತನೆಯ ಇಳಿತ. ಹಾಸಿನ (ಉದ್ದದ) ನೂಲಿಗೂ ಬಿಗಿ ಹುರಿ ಹಾಕಿದರೆ ಅದು ಜಾರ್ಜೆಟ್. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಸೀರೆಯ ಜರಿಯಲ್ಲಿ 65 ಶೇಕಡಾ ಬೆಳ್ಳಿ, 0.65 ಶೇಕಡಾ ಚಿನ್ನ. ಮೈಸೂರು ಸಿಲ್ಕ್‌ಗೆ ಭೌಗೋಳಿಕ ಗುರುತು 2005ರಲ್ಲಿ ಬಂತು.

ಅಸಲಿ ರೇಷ್ಮೆ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಒಳಗಿನ ಅಂಚಿನಿಂದ ಹಾಸಿನದೂ ಹೊಕ್ಕಿನದೂ ಎರಡೆರಡು ಎಳೆ ಬೇರೆ ಬೇರೆಯಾಗಿ ಎಳೆದು ಸುಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು, ಉರಿ ತೆಗೆದರೆ ಆರಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಬೂದಿ ಉಳಿಸುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಹಾಸು ಮಾತ್ರ ರೇಷ್ಮೆ, ಹೊಕ್ಕು ಬೇರೆ ಇರುವ ಸೀರೆಗಳು ಬೇಕಾದಷ್ಟಿವೆ, ಒಂದೇ ಕಡೆಯ ಎಳೆ ಸುಟ್ಟು ಸಮಾಧಾನಪಡಬೇಡಿ. ಅಂಗಡಿಯಲ್ಲಿ ಸುಡಲು ಬಿಡುವುದಿಲ್ಲವಾದ್ದರಿಂದ ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳಿ, 2004ರಿಂದ ಇದೆ. ಅದು ಹೇಳುವುದು ಶುದ್ಧ ರೇಷ್ಮೆ ಎಂದು ಮಾತ್ರ, ಜರಿಯ ಬಗ್ಗೆ ಅಲ್ಲ.

ಸೀರೆ ಇಡುವುದು ಹೇಗೆ?

ಹಳೆಯ ಪಂಚೆಯಂಥ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ನೆರಳಲ್ಲಿ ಗಾಳಿಗೆ ಹಾಕಿ, ಇಲ್ಲವಾದರೆ ಜರಿ ಇರುವ ಮಡಿಕೆಯಲ್ಲೇ ಸೀಳು ಬಿಡುತ್ತದೆ. ನುಸಿಗುಳಿಗೆ ಇಟ್ಟರೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಸುಗಂಧ ನೇರ ಸಿಂಪಡಿಸಬೇಡಿ. ಬೆವರಿನ ಸೀರೆಯನ್ನು ಆರಿಸದೆ ಮಡಚಿಟ್ಟರೆ ಕಂಕುಳ ಭಾಗದ ಕಲೆ ಆಮೇಲೆ ಡ್ರೈಕ್ಲೀನಿಂಗಿನಲ್ಲೂ ಹೋಗುವುದಿಲ್ಲ.